ಹಲ್ಲಿಯಪ್ಪನ ಗಂಟಲು

ಮಾರ್ಚ್ ೩, ಸೋಮವಾರ

ಬಾಯಿ ಮುಚ್ಚಿಸಿದ್ದಾರೆ. ಯಾರದ್ದು? ನನ್ನದು. ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಬಾಯಿ ಇದು. ಆಲೂಗಡ್ಡೆ ಸಾಲಿನಲ್ಲಿ ತೆರೆದರೆ ಈರುಳ್ಳಿ ಸಾಲಿನಾಚೆ ಮಲಗಿದ್ದ ಲಾರಿ ಡ್ರೈವರು ತನ್ನನ್ನೇ ಯಾರೋ ಬೈದರೆಂದು ಎದ್ದು ಕೂರಬೇಕು, ಅಂಥ ಬಾಯಿ. ಮುಚ್ಚಿಸಿದವನು ಇನ್ನೂ ಮೀಸೆ ಬಲಿಯದ ಒಬ್ಬ ಗಂಟಲು ಡಾಕ್ಟರು.

ಗಂಟಲಲ್ಲಿ ಗಂಟಿತ್ತು, ತೆಗೆದರು. ಕೆಟ್ಟ ಗಂಟಲ್ಲವಂತೆ, ಕೂಗಿ ಕೂಗಿ ಬೆಳೆದದ್ದಂತೆ. ನಾನು ಜೀವಮಾನದಲ್ಲಿ ಕೂಡಿಟ್ಟ ಗಂಟು ಅದೊಂದೇ, ಅದನ್ನೂ ಸೀಸೆಗೆ ಹಾಕಿಕೊಂಡರು. ಇನ್ನು ಇಪ್ಪತ್ನಾಲ್ಕನೇ ತಾರೀಖಿನವರೆಗೆ ಸೊಲ್ಲೆತ್ತುವಂತಿಲ್ಲ. ಪಿಸುಗುಟ್ಟುವುದಂತೂ ಕೂಡದು, ಅದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಆವತ್ತು ಅವನ ಮುಂದೆ ಕೂತು ಒಂದು ಮಾತು ಆಡಬೇಕು, ಅವನು ಕೇಳಬೇಕು.

"ಸ್ವರ ಮೊದಲಿನ ಹಾಗೆ ಬರುತ್ತಾ ಡಾಕ್ಟರೇ?" ಎಂದು ನಮ್ಮಕ್ಕ ಕೇಳಿದಳು.

ಅವನು ಪೆನ್ನಿನ ಮುಚ್ಚಳವನ್ನು ತೆಗೆದ, ಹಾಕಿದ, ಮತ್ತೆ ತೆಗೆದ. "ಸಾಮಾನ್ಯವಾಗಿ ಬರುತ್ತೆ. ಕೆಲವರಿಗೆ ಬರಲ್ಲ. ಆ ದಿನ ನೋಡೋಣ" ಎಂದ.

ನನಗೇನೂ ಹೆದರಿಕೆಯಿಲ್ಲ. ಬೇಕಾದರೆ ಬರೆದಿಡುತ್ತೇನೆ: ಹೆದರಿಕೆಯಿಲ್ಲ.

ಈ ಪುಸ್ತಕ ಅಕ್ಕನ ಮಗಳು ಕೊಟ್ಟಿದ್ದು. ಅವಳದ್ದು ಜೆರಾಕ್ಸ್ ಅಂಗಡಿ. ಒಂದು ಬದಿ ಹಾಳಾದ ಹಾಳೆಗಳನ್ನು ಹೊಲಿದು ತಂದು, "ಮಾಮಾ, ಒಳಗೆ ಕಟ್ಟಿಕೊಂಡಿದ್ದನ್ನೆಲ್ಲ ಇದರಲ್ಲಿ ಇಳಿಸು, ಇಲ್ಲದಿದ್ರೆ ಸಿಡಿದು ಹೋಗ್ತೀಯ" ಎಂದಳು. ಈ ಹಾಳೆಯ ಹಿಂದೆ ಯಾರದೋ ಮನೆ ಬಾಡಿಗೆಯ ಕರಾರಿದೆ. ನಾಯಿ ಸಾಕಬಾರದು ಅಂತ ಬರೆದಿದೆ. ನಾಯಿ ಬೊಗಳುವುದನ್ನು ತಡೆಯಲು ಇವರಿಗೇನು ಹಕ್ಕು.

ಮನೆಯಲ್ಲಿ ನಾವು ಮೂವರೇ, ಅಕ್ಕ, ಅವಳ ಮಗಳು, ನಾನು. ನಾನು ಮದುವೆಯಾಗಲಿಲ್ಲ. ಹೇಳುತ್ತಿದ್ದ ಮಾತೊಂದು ಮುಗಿಯಲಿ, ಆಗೋಣ ಎಂದುಕೊಂಡಿದ್ದೆ, ಮುಗಿಯಲೇ ಇಲ್ಲ.

ಮಾರ್ಚ್ ೪, ಮಂಗಳವಾರ

ಒಂದು ಸ್ಟೀಲ್ ತಟ್ಟೆ, ಒಂದು ಚಮಚ ಕೊಟ್ಟಿದ್ದಾರೆ. ಒಂದೇಟು ಬಡಿದರೆ ಹೌದು, ಎರಡೇಟು ಬಡಿದರೆ ಅಲ್ಲ. ಬೆಳಗ್ಗೆ ಅಕ್ಕ ಟೀ ಬೇಕಾ ಎಂದಳು, ಒಂದು ಬಡಿದೆ. ಸಕ್ಕರೆ ಸಾಕಾ ಎಂದಳು, ಎರಡು ಬಡಿದೆ. ನಿನಗೇನಾದರೂ ಬುದ್ಧಿ ಇದೆಯಾ ಎಂದಳು, ಒಂದು ಹಾಡಿಗಾಗುವಷ್ಟು ಬಡಿದೆ.

ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು, "ಪಾತ್ರೆ ರಿಪೇರಿಯವನು ಬಂದಿದ್ದಾನಾ? ನಮ್ಮದೂ ಒಂದು ಬೋಗುಣಿ ಇತ್ತು" ಎಂದಳು. ಅಕ್ಕ ತಟ್ಟೆ ಕಿತ್ತುಕೊಂಡು ಮರದ ಹಲಗೆ ಕೊಟ್ಟಳು. ಹಲಗೆಯಲ್ಲಿ ಏನು ಮಜಾ ಇದೆ.

ಮಾರ್ಚ್ ೭, ಶುಕ್ರವಾರ

ಇವತ್ತು ನಡೆದದ್ದನ್ನು ಬರೆಯಲೇಬಾರದು ಎಂದುಕೊಂಡಿದ್ದೆ. ಆದರೆ ಮನೆಯ ಪಡಸಾಲೆಯಲ್ಲಿ ಅದು ಬಿದ್ದಿರುವಾಗ ಬರೆಯದೇ ಏನು ಮಾಡುವುದು.

ಸುಮ್ಮನೆ ಮಂಡಿಗೆ ಹೋದೆ. ನನ್ನ ಮರದ ಪೆಟ್ಟಿಗೆಯ ಮೇಲೆ ಪೀಪಿ ನಿಂತಿದ್ದ. ಪೀಪಿ ಎಂದರೆ ಇಷ್ಟು ದಿನ ನನ್ನ ಹಿಂದೆ ನಿಂತು ಚೀಟಿ ಬರೆಯುತ್ತಿದ್ದವನು. ಅವನ ಸ್ವರ ಕೇಳಿದರೆ ಹೆಸರು ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ. ನಾನು ಬರುವವರೆಗೆ ಕೂಗಲು ದಲ್ಲಾಳಿಗಳು ಅವನನ್ನು ನಿಲ್ಲಿಸಿದ್ದಾರೆ. ಅವನು ಕೋಸಿನ ಬೆಲೆ ಕೂಗುತ್ತಿದ್ದರೆ ಸೊಳ್ಳೆಯೊಂದು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. ಹೊಟ್ಟೆಯಿಂದ ಕೂಗೋ, ಎಂದು ತೋರಿಸಲು ಕೈಯೆತ್ತಿದೆ.

ಮಂಡಿಯಲ್ಲಿ ಕೈಯೆತ್ತಿದರೆ ಬೆಲೆ ಒಪ್ಪಿದ ಹಾಗೆ.

ಇದನ್ನು ಮಂಡಿಗೆ ಬಂದ ಪ್ರತಿಯೊಬ್ಬ ಹೊಸಬನಿಗೂ ಕಲಿಸಿದವನು ನಾನೇ. ಪೀಪಿ, "ನಮ್ಮ ಅಣ್ಣಾವ್ರಿಗೆ" ಎಂದು ಕೂಗಿದ. ನಾನು ಗಾಬರಿಯಾಗಿ ಅಲ್ಲ ಅಲ್ಲ ಎಂದು ಎರಡೂ ಕೈ ಆಡಿಸಿದೆ. ಅದಕ್ಕೆ ಇನ್ನೊಂದು ರಾಶಿ ಬಿತ್ತು. ಅಲ್ಲ ಎನ್ನಲು ಬಾಯಿಲ್ಲ, ಬಡಿಯಲು ಹಲಗೆಯಿಲ್ಲ. ನಾನು ಕೈ ಕಟ್ಟಿಕೊಂಡು ಕಂಬದ ಹಾಗೆ ನಿಂತ ಮೇಲೆ ಹರಾಜು ಮುಂದಕ್ಕೆ ಹೋಯಿತು.

ಒಂದು ತಳ್ಳುಗಾಡಿಯ ತುಂಬ ಕೋಸು ಮನೆಗೆ ಬಂದಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನನ್ನನ್ನೂ ನೋಡಿದಳು. "ಮಾತಿಲ್ಲದೇ ಇಷ್ಟು ಮಾಡಿದೀಯ. ಪರವಾಗಿಲ್ಲ ಕಣೋ" ಎಂದಳು.

ಮಾರ್ಚ್ ೮, ಶನಿವಾರ

ಬೆಳಗ್ಗೆ ಕೋಸು, ಮಧ್ಯಾಹ್ನ ಕೋಸು.

ಅಕ್ಕ ಅಡುಗೆಮನೆಯಲ್ಲಿ ಕೂತು ದಪ್ಪ ಎಲೆಯೊಂದನ್ನು ದಂಟಿನ ಹತ್ತಿರ ಲಟ್ಟನೆ ಮುರಿದಳು. ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಅವಳು, "ಹಲ್ಲಿಯಪ್ಪ" ಎಂದಳು. ನಾನು ಒಂದು ಬಡಿದೆ.

"ಯಾರು ಅದು?" ಎಂದಳು ಮಗಳು. ಅವಳು ಈ ಕಥೆಯನ್ನು ನನ್ನ ಬಾಯಲ್ಲಿ ಎಷ್ಟು ಸಲ ಕೇಳಿದ್ದಾಳೆ. ಬೇಕೆಂದೇ ಕೇಳಿದಳು, ನಾನು ಹೇಳಲಾಗದೆ ಒದ್ದಾಡುವುದನ್ನು ನೋಡುವುದಕ್ಕೆ. ಇಲ್ಲಿಯೇ ಬರೆಯುತ್ತೇನೆ, ಯಾರ ಹಂಗಿದೆ.

ನಾವು ಚಿಕ್ಕವರಿದ್ದಾಗ ಊರಿಗೆ ತಂಬೂ ಸಿನಿಮಾ ಬರುತ್ತಿತ್ತು. ತಂಬೂ ಮಾಲೀಕನಿಗೆ ರಾಕ್ಷಸರ ಪಿಕ್ಚರುಗಳೆಂದರೆ ಪ್ರಾಣ, ಯಾಕೆಂದರೆ ಅವನ್ನು ಬೇರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಸಲ ಬಂದದ್ದು ಸಮುದ್ರದಿಂದೆದ್ದ ಹಲ್ಲಿಯ ಪಿಕ್ಚರು. ಅದರ ನಿಜವಾದ ಹೆಸರು ಯಾರಿಗೂ ಓದಲು ಬರುತ್ತಿರಲಿಲ್ಲ, ನಾವು ಹಲ್ಲಿಯಪ್ಪ ಎಂದೆವು. ಮೂರು ಮಾಳಿಗೆ ಎತ್ತರ, ಬೆನ್ನ ಮೇಲೆ ಮುಳ್ಳು, ಮುಳ್ಳಿನ ಪಕ್ಕ ಹೊಲಿಗೆ. ಬಾಗಿದಾಗ ಹೊಲಿಗೆ ಬಿಟ್ಟು ಒಳಗಿನವನ ಬನಿಯನ್ ಕಾಣಿಸುತ್ತಿತ್ತು. ಎಡಗೈಯಲ್ಲಿ ವಾಚಿತ್ತು. ಊರು ಸುಡಲು ಬಂದವನು ಒಂದು ಸಲ ಟೈಮು ನೋಡಿಕೊಂಡ, ನಾನು ಕಣ್ಣಾರೆ ಕಂಡಿದ್ದೇನೆ. ಅರಮನೆ ರಟ್ಟಿನದು. ಅದರ ಗೋಪುರದ ಮೇಲೆ ನಿಜವಾದ ನೊಣವೊಂದು ಬಂದು ಕೂತುಬಿಟ್ಟಿತ್ತು, ರಾಜನ ತಲೆಗಿಂತ ದೊಡ್ಡದು. ಜನರೆಲ್ಲ ಹಲ್ಲಿಯನ್ನು ನೋಡಿ ಓಡುತ್ತಿದ್ದರು, ನೊಣದ ಕಡೆ ಯಾರೂ ತಿರುಗಿ ನೋಡಲಿಲ್ಲ. ನನಗಾದರೆ ನೊಣದ್ದೇ ಹೆಚ್ಚು ಭಯವಾಗುತ್ತಿತ್ತು. ಭಯ ಎಂದರೆ ಭಯವಲ್ಲ, ಕುತೂಹಲ.

ಬಂದ ದಿನವೇ ತಂಬೂವಿನ ಸೌಂಡ್ ಪೆಟ್ಟಿಗೆಗೆ ಇಲಿ ಹೊಕ್ಕು ತಂತಿ ಕಡಿದುಹಾಕಿತು. ಚಿತ್ರವಿದೆ, ಸದ್ದಿಲ್ಲ. ಮಾಲೀಕ ನಮ್ಮ ಶಾಲೆಗೆ ಬಂದು ಒಳ್ಳೆಯ ಗಂಟಲಿರುವ ಮಕ್ಕಳು ಬೇಕು ಎಂದ. ಮೇಷ್ಟ್ರು ನನ್ನನ್ನು ತೋರಿಸಿ, "ಇವನನ್ನು ಕರಕೊಂಡು ಹೋಗಿ. ವಾಪಸ್ ತರೋಕೆ ಅವಸರವಿಲ್ಲ" ಎಂದರು. ನಾಲ್ಕೈದು ಮಕ್ಕಳು ಪರದೆಯ ಹಿಂದೆ ಕೂತೆವು. ಒಬ್ಬ ತಗಡು ಅಲ್ಲಾಡಿಸಿದರೆ ಗುಡುಗು, ಇನ್ನೊಬ್ಬ ಒದ್ದೆ ಗೋಣಿ ಒಗೆದರೆ ಸಮುದ್ರ. ಕೋಸಿನ ದಂಟು ಮುರಿದರೆ ಸೈನಿಕರ ಮೂಳೆ. ರಾಜಕುಮಾರಿಯ ಕಿರುಚಾಟ ಅಕ್ಕನದು. ಹಲ್ಲಿಯಪ್ಪನ ಗರ್ಜನೆ ಯಾರದು? ಈ ಬರೆಯುತ್ತಿರುವವನದು.

ನಾನು ಬಾಯಿ ತೆರೆದದ್ದೇ ತಡ, ಮುಂದಿನ ಸಾಲಿನ ಕಟ್ಟಿಗೆ ಡಿಪೋ ಯಜಮಾನ ಬೆಂಚು ಸಮೇತ ಹಿಂದಕ್ಕೆ ಬಿದ್ದ. ತಂಬೂ ಇದ್ದಷ್ಟು ದಿನ, ಪ್ರತಿ ಆಟಕ್ಕೂ, ಗರ್ಜಿಸಿದ್ದೇ ಗರ್ಜಿಸಿದ್ದು. ಊರಿಗೆ ಊರೇ ನನ್ನನ್ನು ಹಲ್ಲಿಯಪ್ಪನ ಗಂಟಲು ಎಂದು ಕರೆಯಿತು. ದೊಡ್ಡವನಾದ ಮೇಲೆ ಆ ಹೆಸರು ಕೇಳಿಯೇ ಮಂಡಿಯವರು ಕರೆದು ಪೆಟ್ಟಿಗೆ ಹತ್ತಿಸಿದ್ದು.

ಬರೆದರೆ ಬಾಯಲ್ಲಿ ಹೇಳಿದಷ್ಟು ಸೊಗಸಿಲ್ಲ. ಡಿಪೋ ಯಜಮಾನ ಬೀಳುವ ಜಾಗದಲ್ಲಿ ನಾನು ಕುರ್ಚಿಯಿಂದ ಬಿದ್ದು ತೋರಿಸುತ್ತೇನೆ.

ಮಾರ್ಚ್ ೧೧, ಮಂಗಳವಾರ

ಮೋಸ. ಮೂಗನಿಗೆ ಮಾಡುವ ಮೋಸ.

ಮಧ್ಯಾಹ್ನ ಕೋಸು ಹೆಚ್ಚುತ್ತ ಮಗಳು, "ಅಮ್ಮಾ, ಮಾಮ ಹೇಳೋಕಾಗಲ್ಲ, ನೀನೇ ಹೇಳು ಆ ಕಥೆ" ಎಂದಳು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಶುರು ಮಾಡಿದಳು.

"ಮೊದಲನೇ ಆಟದಲ್ಲಿ ಗರ್ಜಿಸಿದ್ದು ಇವನೇ. ಅದು ನಿಜ."

ನಾನು ಒಂದು ಬಡಿದೆ.

"ಮಾರನೇ ದಿನ ಬೆಳಗಿನಿಂದ ಊರೆಲ್ಲ ತಿರುಗಿ ಗರ್ಜಿಸಿದ. ಬಾವಿಗೆ ಬಗ್ಗಿ ಗರ್ಜಿಸಿದ. ಎಮ್ಮೆ ಎದುರು ನಿಂತು ಗರ್ಜಿಸಿದ. ಕ್ಷೌರದವನು ಯಾರಿಗೋ ಗಡ್ಡ ಕೆರೀತಿದ್ದಾಗ ಹಿಂದೆ ಹೋಗಿ ಗರ್ಜಿಸಿದ. ಸಂಜೆ ಎರಡನೇ ಆಟ..."

ಎರಡು ಬಡಿದೆ. ಜೋರಾಗಿ. ಈ ಜಾಗ ನನಗೆ ಗೊತ್ತು. ಅವಳು ಯಾವಾಗ ಈ ಕಥೆ ಎತ್ತಿದರೂ ಇದೇ ಜಾಗದಲ್ಲಿ ನಾನು ಬಾಯಿ ಹಾಕಿ ಡಿಪೋ ಯಜಮಾನನನ್ನು ಬೀಳಿಸುತ್ತೇನೆ, ಎಲ್ಲರೂ ನಗುತ್ತಾರೆ, ಕಥೆ ಅಲ್ಲಿಂದ ನನ್ನದಾಗುತ್ತದೆ. ಅವಳು ಈ ಸಲ ಎದ್ದು ಬಂದು ನನ್ನ ಕೈಯಿಂದ ಚಮಚ ತೆಗೆದುಕೊಂಡು, ಅದರಿಂದಲೇ ಪಾತ್ರೆ ತಿರುವಿ, ಮತ್ತೆ ಕೂತಳು.

"ಎರಡನೇ ಆಟದಲ್ಲಿ ಹಲ್ಲಿಯಪ್ಪ ಬಾಯಿ ತೆರೆದ. ಇವನೂ ಬಾಯಿ ತೆರೆದ. ಎರಡು ಬಾಯಿಂದಲೂ ಏನೂ ಬರಲಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕೋಸು ಕೇಳಲು ಬಂದಳು. ಮೊದಲ ಸಲ ಆ ಹೆಂಗಸಿನ ಮೇಲೆ ನನಗೆ ಗೌರವ ಬಂತು.

ಮಾರ್ಚ್ ೧೨, ಬುಧವಾರ

ಸುಳ್ಳು.

ಮಾರ್ಚ್ ೧೫, ಶನಿವಾರ

ನಿನ್ನೆ ಮೊನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಕೋಸು ಬಿಟ್ಟರೆ.

ಇವತ್ತು ಮಗಳು ತನ್ನ ಫೋನಿನಲ್ಲಿ ಯಾವುದೋ ರಾಕ್ಷಸ ಪಿಕ್ಚರು ಹಾಕಿದಳು. ಹಲ್ಲಿಯಪ್ಪನದಲ್ಲ, ಅವನ ದಾಯಾದಿ ಇರಬೇಕು. ಈಗಿನವಕ್ಕೆ ಹೊಲಿಗೆಯಿಲ್ಲ, ವಾಚಿಲ್ಲ, ನೊಣ ಕೂರುವುದಿಲ್ಲ, ನೋಡುವುದಾದರೂ ಏನನ್ನು. ರಾಕ್ಷಸ ಬಾಯಿ ತೆರೆದಾಗ ಮಗಳು ಸದ್ದು ಪೂರ್ತಿ ನಿಲ್ಲಿಸಿಬಿಟ್ಟು, "ಅಮ್ಮಾ, ಆವತ್ತು ಮಾಮನ ಬದಲು ನೀನೇ ತಾನೇ ಗರ್ಜಿಸಿದ್ದು? ಮಾಡಿ ತೋರಿಸು" ಎಂದಳು.

"ಹೋಗೇ. ಈ ವಯಸ್ಸಲ್ಲಿ."

"ಒಂದೇ ಸಲ."

ಅಕ್ಕ ಕೋಸಿನ ಬುಟ್ಟಿ ಪಕ್ಕಕ್ಕಿಟ್ಟಳು. ಬಾಗಿಲು ನೋಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು. ನಮ್ಮಕ್ಕ ಜೋರಾಗಿ ಮಾತಾಡಿದ್ದನ್ನೇ ನಾನು ಕೇಳಿದವನಲ್ಲ, ನಾನಿರುವಾಗ ಅವಳಿಗೆ ಆ ಅಗತ್ಯ ಬರಲಿಲ್ಲ. ಅವಳು ಗರ್ಜಿಸಿದಳು.

ಬೀದಿಯ ನಾಯಿಗಳೆಲ್ಲ ಎದ್ದವು. ಪಕ್ಕದ ಮನೆಯಲ್ಲಿ ಏನೋ ಬಿದ್ದು ಒಡೆಯಿತು, ಬೋಗುಣಿಯಿರಬೇಕು. ನನ್ನ ಕೈಯ ರೋಮ ನಿಂತವು. ಹೆದರಿ ಅಲ್ಲ. ಆ ಸದ್ದು ನನಗೆ ಗೊತ್ತಿತ್ತು. ಮೊದಲು ಕೆಳಗೆ ಗುರುಗುಟ್ಟಿ, ನಡುವೆ ಒಮ್ಮೆ ಮುರಿದು, ಮತ್ತೆ ಏರುವುದು. ಇಷ್ಟು ವರ್ಷ ನನ್ನ ತಲೆಯೊಳಗೆ ಇದ್ದದ್ದು ಅದೇ.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ. ನನ್ನ ನೆನಪಿನಲ್ಲಿ ಆ ಗರ್ಜನೆ ಯಾವಾಗಲೂ ಎಡಗಿವಿಗೆ ಕೇಳುತ್ತದೆ. ಪರದೆಯ ಹಿಂದೆ ಅಕ್ಕ ಕೂರುತ್ತಿದ್ದದ್ದು ನನ್ನ ಎಡಕ್ಕೆ. ನನ್ನದೇ ಗರ್ಜನೆಯಾದರೆ ಎರಡೂ ಕಿವಿಗೆ ಕೇಳಬೇಕಲ್ಲ.

ಇರಲಿ. ಎಡಗಿವಿ ಚುರುಕಿರಬಹುದು.

ಅಕ್ಕ ನೀರು ಕುಡಿದು ಮುಂದುವರಿಸಿದಳು. "ಅವನ ಬದಲು ನಾನು ಗರ್ಜಿಸಿದೆ. ಜನ ಕಿರುಚಿಕೊಂಡರು. ಸರಿ ಹೋಯ್ತು ಅಂದ್ಕೊಂಡೆ. ಅಷ್ಟೊತ್ತಿಗೆ ರಾಜಕುಮಾರಿ ಬಾಯಿ ತೆರೆದಳು. ನಾನು ಹಲ್ಲಿಯಾಗಿ ಕೂತಿದ್ದೀನಿ, ಅವಳಿಗೆ ಕಿರುಚೋರ್ಯಾರು?"

ಮಗಳು ನನ್ನ ಕಡೆ ತಿರುಗಿದಳು. ನಾನು ಕೋಸಿನ ಕಡೆ ತಿರುಗಿದೆ.

"ಇವನ ಗಂಟಲಲ್ಲಿ ತಳದಲ್ಲಿ ಎಲ್ಲೋ ಒಂದು ಎಳೆ ಉಳಿದಿತ್ತು. ಕೀಂ ಅಂದ. ಬಾಗಿಲ ಸಂದಿಗೆ ಸಿಕ್ಕ ಇಲಿಮರಿ ಹಾಗೆ. ಎಷ್ಟು ಚೆನ್ನಾಗಿತ್ತು ಅಂದ್ರೆ, ಎರಡನೇ ಸಾಲಿನ ಅಜ್ಜಿ ಒಬ್ಬಳು ಅಯ್ಯೋ ಪಾಪದ ಹುಡುಗಿ ಅಂತ ಅತ್ತುಬಿಟ್ಟಳು."

ಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. "ಮಾಮಾ, ನೀನು ರಾಜಕುಮಾರೀನಾ?"

ಚಮಚ ಕೈಯಲ್ಲೇ ಇತ್ತು. ಎರಡು ಬಡಿಯಬೇಕಿತ್ತು. ಅಜ್ಜಿ ಅತ್ತಳು ಎಂದ ಮೇಲೆ ಅದೂ ಒಂದು ಸಾಧನೆಯೇ ಅಲ್ಲವೇ ಎಂದು ಯೋಚಿಸುತ್ತ ಕೂತೆ, ಬಡಿಯುವುದು ಮರೆತೇ ಹೋಯಿತು.

ಮಾರ್ಚ್ ೧೯, ಬುಧವಾರ

ಪೀಪಿ ಬಂದಿದ್ದ. ಚಾಪೆಯ ತುದಿಯಲ್ಲಿ ಕೂತು ಚಪ್ಪಲಿ ಪಟ್ಟಿಯ ಗುರುತು ಬಿದ್ದ ತನ್ನ ಕಾಲು ನೋಡಿಕೊಳ್ಳುತ್ತಿದ್ದ.

"ಅಣ್ಣಾ, ದಲ್ಲಾಳಿಗಳು ಮಾತಾಡ್ಕೊಂಡಿದ್ದಾರೆ. ಇಪ್ಪತ್ನಾಲ್ಕಕ್ಕೆ ನಿಮ್ಮ ಸ್ವರ ಬರದಿದ್ರೆ ಪೆಟ್ಟಿಗೆ ನನಗೇ ಅಂತೆ. ಬೇರೆಯವರ ಬಾಯಲ್ಲಿ ಕೇಳೋಕಿಂತ ನಾನೇ ಹೇಳೋಣ ಅಂತ ಬಂದೆ."

ನನಗೆ ಒಳ್ಳೊಳ್ಳೆಯ ಬೈಗುಳ ಹೊಳೆದವು. ಬರೆದು ತೋರಿಸಲು ಪೆನ್ಸಿಲು ಹುಡುಕುವಷ್ಟರಲ್ಲಿ ಅವನು ಮಾತು ಮುಂದುವರಿಸಿಬಿಟ್ಟ. ಅಡ್ಡ ಬಾಯಿ ಹಾಕಲು ನನಗೆ ಬಾಯಿಲ್ಲವಲ್ಲ, ಪೂರ್ತಿ ಕೇಳಬೇಕಾಯಿತು. ಅವನಿಗೆ ಪೆಟ್ಟಿಗೆ ಹತ್ತುವಾಗ ಕಾಲು ನಡುಗುತ್ತದಂತೆ. ಹಿಂದಿನ ಸಾಲಿನವರು ಅವನ ಸ್ವರ ಅಣಕಿಸುತ್ತಾರಂತೆ. ಮನೆಯಲ್ಲಿ ಅವನ ಹೆಂಡತಿ ಮಾತ್ರ ಅವನ ಸ್ವರ ಚೆನ್ನಾಗಿದೆ ಎನ್ನುತ್ತಾಳಂತೆ, ಅವಳು ಅದನ್ನು ನಂಬಿಯೇ ಹೇಳುತ್ತಾಳೆ, ಅದೇ ಕಷ್ಟ ಅಣ್ಣಾ, ಎಂದ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಿಂತವನು. ಅವನಿಗೆ ಹೆಂಡತಿಯಿರುವುದೇ ನನಗೆ ನೆನಪಿರಲಿಲ್ಲ.

ಕೊನೆಗೆ ಅವನನ್ನು ನಿಲ್ಲಿಸಿ ಹೊಟ್ಟೆಗೆ ಒತ್ತಿ ತೋರಿಸಿದೆ, ಇಲ್ಲಿಂದ ಎಂದು. ಗಲ್ಲ ಹಿಡಿದು ಕೆಳಗಿಳಿಸಿದೆ. ಅವನು ಕೂಗಿದ. ಪೀಪಿ ಹೋಗಿ ಒಂದು ತರಹದ ಕಹಳೆಯಾಯಿತು. ಸಣ್ಣ ಕಹಳೆ. ಅವನ ಮುಖ ನೋಡಬೇಕಿತ್ತು.

ಅವನ ಮೇಲಿನ ಕರುಣೆಯಿಂದ ಕಲಿಸಿದ್ದಲ್ಲ. ನಾನು ವಾಪಸ್ ಹೋಗುವವರೆಗೆ ಮಂಡಿಯ ಮರ್ಯಾದೆ ಉಳಿಯಬೇಕು, ಅದಕ್ಕೆ. ಹೋಗುವಾಗ ಎರಡು ಕೋಸು ಕೊಟ್ಟೆ. ಕೈಯೆತ್ತದೆ ತೆಗೆದುಕೊಂಡ.

ಮಾರ್ಚ್ ೨೩, ಭಾನುವಾರ

ನಾಳೆ.

ಮೊದಲ ಮಾತು ಯಾವುದಿರಬೇಕು ಎಂದು ತೀರ್ಮಾನ ಮಾಡಿದ್ದೇನೆ. "ಕೇಳ್ರಪ್ಪೋ." ನಾನು ಪೆಟ್ಟಿಗೆ ಹತ್ತಿದರೆ ಮೊದಲು ಕೂಗುವುದು ಅದೇ. ಡಾಕ್ಟರ ಮೇಜಿನ ಗಾಜು ನಡುಗಬೇಕು. ಅವನು ಪೆನ್ನಿನ ಮುಚ್ಚಳ ಬೀಳಿಸಬೇಕು.

ಬೆಳಗ್ಗೆ ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಬಾಯಿ ತೆರೆದು ನೋಡಿದೆ. ಪರದೆಯ ಮೇಲಿನ ಹಲ್ಲಿಯಪ್ಪನ ಹಾಗೇ ಕಂಡೆ. ಬಾಯಿ ತೆರೆದಿದೆ, ಏನೂ ಬರುತ್ತಿಲ್ಲ.

ಬರದಿದ್ದರೆ ಎಂದು ಬರೆಯಲು ಹೋದೆ. ಬರೆಯುವುದಿಲ್ಲ.

ಅಕ್ಕ ಹಿಂದಿನಿಂದ ಹಾದು ಹೋದವಳು ನಿಂತು, "ಕೋಸು ಮುಗೀತು ಕಣೋ" ಎಂದಳು. ಒಂದು ಬಡಿದೆ. ಅವಳು ಇನ್ನೂ ನಿಂತೇ ಇದ್ದಳು, ಆದ್ದರಿಂದ ಇನ್ನೊಮ್ಮೆ ಒಂದು ಬಡಿದೆ.

ಮಾರ್ಚ್ ೨೪, ಸೋಮವಾರ

ಹಾಳಾಯಿತು. ಮೂರು ವಾರ ಜೋಪಾನ ಮಾಡಿದ ಮೊದಲ ಮಾತು ಹಾಳಾಯಿತು. ಸ್ವರ ಬಂದಿದೆ, ಅದು ಬೇರೆ ವಿಷಯ. ತೂತು ಬಿದ್ದ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ. ಇಷ್ಟಿಷ್ಟಾಗಿ ಕೂಗಬಹುದು, ಮೊದಲಿನ ಹಾಗೆ ದಿನವಿಡೀ ಕೂಡದು, ಎಂದ ಡಾಕ್ಟರು. ಹಾಗಾದರೆ ಬೆಳಗಿನ ಹರಾಜು ನನ್ನದು, ಮಧ್ಯಾಹ್ನದ್ದು ಕಹಳೆಯದು. ದಲ್ಲಾಳಿಗಳಿಗೆ ನಾನೇ ಹೇಳುತ್ತೇನೆ, ಇಷ್ಟಿಷ್ಟಾಗಿ.

ಆದರೆ ಮೊದಲ ಮಾತು ಡಾಕ್ಟರ ಮುಂದೆ ಬರಲೇ ಇಲ್ಲ. ಹೊರಗಿನ ಬೆಂಚಿನ ಮೇಲೆ ಬಂದುಬಿಟ್ಟಿತು.

ನಮ್ಮ ಸರದಿಗೆ ಕಾಯುತ್ತಿದ್ದೆವು. ನಡುವೆ ಅಕ್ಕ, ಆ ಕಡೆ ನಾನು, ಈ ಕಡೆ ಕೊರಳಿಗೆ ಮಫ್ಲರ್ ಸುತ್ತಿಕೊಂಡ ಒಬ್ಬಾಕೆ. ನನ್ನ ಕೈ ಬೆವರುತ್ತಿತ್ತು, ಫ್ಯಾನು ಕೆಟ್ಟಿತ್ತು. ಆಕೆ ಅಕ್ಕನ ಕಿವಿಯ ಹತ್ತಿರ ಬಂದು, "ಇವರಿಗೆ ಸ್ವರ ವಾಪಸ್ ಬರುತ್ತಾ?" ಎಂದು ಕೇಳಿದಳು.

"ಇವನಿಗೆ ಇದೇನು ಹೊಸದಾ?" ಎಂದಳು ಅಕ್ಕ. "ಚಿಕ್ಕವನಿದ್ದಾಗ ಒಂದು ಸಲ ಹೋಗಿತ್ತು. ಸಿನಿಮಾದಲ್ಲಿ ಒಂದು ಹಲ್ಲಿಗೆ ಗರ್ಜಿಸೋಕೆ ಹೋಗಿ."

ಆಕೆಗೆ ಏನು ಅರ್ಥವಾಯಿತೋ, ತಲೆಯಾಡಿಸಿದಳು.

"ಮೊದಲು ಕೀಂ ಅನ್ನೋಷ್ಟು ಉಳಿದಿತ್ತು. ಮಾರನೇ ಬೆಳಗ್ಗೆ ಅದೂ ಇಲ್ಲ. ತಂಬೂ ಹಿಂದೆ ಗೋಣಿ ಮೇಲೆ ಮಲಗಿ ಸದ್ದಿಲ್ದೇ ಅಳ್ತಿದ್ದ. ಅಳೋಕೂ ಸ್ವರ ಬೇಕಲ್ಲ, ಪಾಪ. ಇನ್ನು ಯಾವತ್ತೂ ಮಾತು ಬರಲ್ಲ ಅಂತ ಅಂದ್ಕೊಂಡಿದ್ದ. ನಾನೇ ದಿನಾ ಗರ್ಜಿಸಿದೆ, ರಾಜಕುಮಾರಿಗೂ ನಾನೇ ಕಿರುಚಿದೆ. ಹೊರಗೆ ಬಂದು ಇವನನ್ನು ಮುಂದೆ ತಳ್ತಿದ್ದೆ. ಜನ ಇವನ ಬೆನ್ನು ತಟ್ಟೋರು, ಏನ್ ಗಂಟಲಪ್ಪ ಅಂತ. ಇವನು ಬಾಯಿ ಮುಚ್ಕೊಂಡು ನಗೋನು. ದಿನಗಟ್ಟಲೆ ಹೀಗೇ ನಡೀತು. ತಂಬೂ ಬಿಚ್ಚೋ ದಿನ ಬಂತು. ಆವತ್ತು ಬೆಳಗ್ಗೆ ನಾವಿಬ್ಬರೂ ಕೂತಿದ್ವಿ, ಅವರು ಹಗ್ಗ ಬಿಚ್ತಾ ಇದ್ರು..."

ನರ್ಸು ಹೊರಬಂದು ಯಾವುದೋ ನಂಬರು ಕೂಗಿದಳು. ಅಕ್ಕ ಮಾತು ನಿಲ್ಲಿಸಿ ಕೈಯಲ್ಲಿದ್ದ ಚೀಟಿ ನೋಡತೊಡಗಿದಳು. ಕನ್ನಡಕ ಹುಡುಕಿದಳು. ನಮ್ಮ ನಂಬರಲ್ಲ, ಅದು ನನಗೆ ಕೂತಲ್ಲಿಂದಲೇ ಕಾಣಿಸುತ್ತಿತ್ತು. ಹಗ್ಗ ಬಿಚ್ಚುತ್ತಿದ್ದರು, ಇಬ್ಬರೂ ಕೂತಿದ್ದೆವು, ಸರಿ. ಆ ಬೆಳಗು ನನಗೆ ಚೂರೂ ನೆನಪಿಲ್ಲ. ಇವಳೋ ಕನ್ನಡಕದ ಡಬ್ಬಿ ತೆರೆಯುತ್ತಿದ್ದಾಳೆ.

"ಆಮೇಲೆ?" ಎಂದೆ.

ಮಫ್ಲರಿನಾಕೆ ಬಾಯಿಗೆ ಕೈ ಇಟ್ಟುಕೊಂಡಳು. ನರ್ಸು ಬಾಗಿಲಲ್ಲೇ ನಿಂತಳು. ನಾನಂತೂ ಗಮನಿಸಲೇ ಇಲ್ಲ, ಅಕ್ಕನ ಬಾಯಿಯನ್ನೇ ನೋಡುತ್ತಿದ್ದೆ.

ಅಕ್ಕ ಅವಸರ ಮಾಡಲಿಲ್ಲ. ಕನ್ನಡಕವನ್ನು ಮಡಚಿ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಚೀಲದೊಳಗಿಟ್ಟಳು.

"ಆಮೇಲೇನು," ಎಂದಳು, "ಹೀಗೇ ಬಂತು."